ಹೇಮಾವಳಿಯ ನಾಲ್ಕನೇ ಕ್ಯಾಸೆಟ್

ಟಕ್ ಎಂದು ಒಂದೇ ಒಂದು ಸದ್ದಾಯಿತು.

2024ರ ಅಕ್ಟೋಬರ್ 17, ಗುರುವಾರ, ರಾತ್ರಿ ಎರಡರ ಸುಮಾರು. ಮಸ್ಕಿಯ ಹಳೆ ಊರಿನ ಎರಡು ಖೋಲಿಯ ಮನೆಯಲ್ಲಿ ಒಬ್ಬಳೇ ಮಲಗಿದ್ದ ಮಕ್ತುಂಬೀಗೆ ಎಚ್ಚರವಾಯಿತು. ಎಪ್ಪತ್ತೆಂಟು ವರ್ಷದ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿವಿ ಮಾತ್ರ ಚುರುಕು. ಅದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಸದ್ದೆಂದು ತಕ್ಷಣ ತಿಳಿಯಿತು. ಮರುಕ್ಷಣ ಕತ್ತಲೆಯಲ್ಲಿ ಒಂದು ಹೆಣ್ಣುದನಿ, "ಆಗ ನನಗೆ ಹದಿನೇಳು ವರ್ಷ, ನಾಟಕ ಕಂಪನಿಯವರು..." ಎಂದಿತು. ಮತ್ತೆ ಟಕ್. ಆಮೇಲೆ ಯಾರೋ ಉಸಿರು ಬಿಗಿಹಿಡಿದು ನಿಂತಂಥ ಮೌನ.

ಆ ದನಿಯ ಹೆಂಗಸು ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು.

ಮಕ್ತುಂಬೀ ಕೂಗಲಿಲ್ಲ. ಚಾದರದ ಅಂಚನ್ನು ಬಾಯಿಗೆ ತುರುಕಿಕೊಂಡು ಬೆಳಗಿನ ಅಜಾನ್ ಕೇಳುವ ತನಕ ಹಾಗೆಯೇ ಬಿದ್ದುಕೊಂಡಿದ್ದಳು.

ಶುಕ್ರವಾರ ಬೆಳಗ್ಗೆ 9.40ಕ್ಕೆ ಮೊಮ್ಮಗ ನಿಯಾಜ್ ಆಕೆಯನ್ನು ಆಟೊದಲ್ಲಿ ಮಸ್ಕಿ ಠಾಣೆಗೆ ಕರೆತಂದ.

"ಸೈತಾನ ಬಂದಿತ್ತು ಅಂತಾಳ್ರಿ ಮೇಡಂ," ಎಂದ. "ಸೈತಾನಕ್ಕ ಕ್ಯಾಸೆಟ್ ಯಾಕ ಬೇಕು ದಾದಿ, ಮೊಬೈಲ್ ಇರ್ತದ ಅದರ ಕಡೆ, ಅಂದೆ. ಕೇಳವಲ್ಲಳು."

"ನೀ ಬಾಯಿ ಮುಚ್ಚೋ," ಎಂದಳು ಮಕ್ತುಂಬೀ. "ಆರು ಕ್ಯಾಸೆಟ್ ಹೋಗ್ಯಾವ್ರಿ ಅಮ್ಮಾ. ಸಂದೂಕದಾಗ ಇದ್ವು. ನನ್ನ ಬೆಳ್ಳಿ ಕಡಗ ಅದರಾಗೇ ಅದಾವು, ಮುಟ್ಟಿಲ್ಲ."

ಪಿಎಸ್‌ಐ ಮಮತಾ ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿದಳು. ಬೆಳ್ಳಿ ಬೇಕಾದ ಕಳ್ಳನನ್ನು ಹುಡುಕುವ ದಾರಿ ಆಕೆಗೆ ಗೊತ್ತಿತ್ತು. ಬೆಳ್ಳಿಯನ್ನು ಸರಿಸಿ ಸತ್ತವಳ ದನಿಯನ್ನು ಒಯ್ದವನನ್ನು ಹುಡುಕುವ ದಾರಿ ಗೊತ್ತಿರಲಿಲ್ಲ.

"ಯಾರ ದನಿ ಅದು?"

"ಹೇಮಾವಳಿ ಅಮ್ಮಾರದು."

ಹೇಮಾವಳಿಯ ಹೆಸರನ್ನು ಮಮತಾ ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಕಪ್ಪುಬಿಳುಪು ಸಿನಿಮಾಗಳ ಕಾಲದ ದೊಡ್ಡ ತಾರೆ. 1973ರಲ್ಲಿ ಇದ್ದಕ್ಕಿದ್ದಂತೆ ನಟಿಸುವುದನ್ನು ಬಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಕೊನೆಗಾಲದಲ್ಲಿ ಮದ್ರಾಸಿನ ಮನೆ ಮಾರಿ, ಹತ್ತು ವರ್ಷ ತನಗೆ ಜಡೆ ಹೆಣೆದು ಬಣ್ಣ ಹಚ್ಚಿದ್ದ ಮಕ್ತುಂಬೀಯ ಮಸ್ಕಿಯ ಮನೆಗೇ ಬಂದು ಇದ್ದಳು. 1998ರಲ್ಲಿ ಅಲ್ಲಿಯೇ ತೀರಿಕೊಂಡಳು. ಸಾಯುವ ಮುಂಚೆ ತನ್ನ ಜೀವನವನ್ನು ಆರು ಕ್ಯಾಸೆಟ್ಟುಗಳಲ್ಲಿ ಹೇಳಿಟ್ಟಿದ್ದಳು. ಆಕೆಯ ಬದುಕಿನ ಮೇಲೆ ಸಾಕ್ಷ್ಯಚಿತ್ರ ಮಾಡಲು ರಾಯಚೂರಿನ ದೀಪಿಕಾ ಎಂಬ ಹುಡುಗಿ ಮೂರು ತಿಂಗಳಿಂದ ಮಸ್ಕಿಗೆ ಬಂದು ಹೋಗುತ್ತಿದ್ದಳು.

"ನಾಲ್ಕನೇದರಾಗ ಗುರುಗುಂಟಾ ಮಾತೈತಿ ಅಂತ ಅಮ್ಮಾರು ಹೇಳಿದ್ರು," ಎಂದಳು ಮಕ್ತುಂಬೀ. "ಅದನ್ನ ತುಂಬುವಾಗ ನನ್ನ ಹೊರಗ ಕಳಿಸಿದ್ರು. ನಾ ಇವತ್ತಿನ ತನಕ ಕೇಳಿಲ್ಲ. ಹೆದರಿಕಿ."

ಮೂಲೆಯ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ದಸ್ತಗೀರ್‌ಸಾಬ್ ಎದ್ದು ಹೊರಗೆ ಹೋದ.

10.30ಕ್ಕೆ ಗುನ್ನೆ ನಂಬರ್ 148/2024, ಭಾರತೀಯ ನ್ಯಾಯ ಸಂಹಿತೆ ಕಲಂ 331(4), 305ರ ಅಡಿ ಎಫ್‌ಐಆರ್ ದಾಖಲಾಯಿತು. ಮಮತಾ ಹೊರಗೆ ಬಂದಾಗ ದಸ್ತಗೀರ್‌ಸಾಬ್ ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದ. ಐವತ್ತೆಂಟು ವರ್ಷ, ನಿವೃತ್ತಿಗೆ ಎರಡು ವರ್ಷ ಬಾಕಿ.

"ಏನಾತ್ರಿ?"

"ಮೇಡಂ, ಈ ಕೇಸಿನಾಗ ನಾ ಇರಬಾರದು. ಗುರುಗುಂಟಾ ಟೆಂಟ್ ಸಿನಿಮಾ ಆಪರೇಟರ್ ಜಂಗ್ಲಿಸಾಬ್ ಅಂತ ಕೇಳಿದ್ರಿಲ್ಲೋ, ಅವರು ನಮ್ಮ ಅಬ್ಬಾ."

ಆಕೆ ಕೇಳಿರಲಿಲ್ಲ. ಅವನೇ ಹೇಳಿದ. 1973ರ ಏಪ್ರಿಲ್. ಗುರುಗುಂಟಾದ ಟೂರಿಂಗ್ ಟಾಕೀಸಿಗೆ ಹೇಮಾವಳಿ ಖುದ್ದಾಗಿ ಬಂದಿದ್ದಳು. ಸುತ್ತಲಿನ ಹಳ್ಳಿಯ ಜನವೆಲ್ಲ ಸೇರಿದ್ದರು. ಆಕೆ ಹೊರಡುವ ಹೊತ್ತಿಗೆ ಡೇರೆಗೆ ಬೆಂಕಿ ಬಿತ್ತು. ಹೆಂಗಸರ ಕಡೆಯ ತಗಡಿನ ಬಾಗಿಲ ಬಳಿ ಒಂಬತ್ತು ಮಂದಿ ಸತ್ತರು. ನೂಕುನುಗ್ಗಲಿನಿಂದ ಬಾಗಿಲು ತೆರೆಯಲಿಲ್ಲ ಎಂದು ದಾಖಲೆಯಲ್ಲಿ ಬರೆಯಲಾಯಿತು. ಕ್ಯಾಬಿನ್ನಿನಲ್ಲಿ ಬೀಡಿ ಸೇದಿ ಎಸೆದದ್ದು ತಾನೇ ಎಂದು ಜಂಗ್ಲಿಸಾಬ್ ಮರುದಿನ ಒಪ್ಪಿಕೊಂಡ. ಎರಡು ವರ್ಷ ಜೈಲಿನಲ್ಲಿದ್ದು ಬಂದ. ಆಮೇಲೆ ಬಹಳ ದಿನ ಬದುಕಲಿಲ್ಲ.

"ಅಬ್ಬಾ ಬೀಡಿ ಸೇದ್ತಿರಲಿಲ್ಲ ಮೇಡಂ. ಇದನ್ನ ಅಮ್ಮಿ ಐವತ್ತು ವರ್ಷದಿಂದ ಹೇಳಾಕತ್ತಾಳ. ಸಾಲ್ಯಾಗ ನನ್ನ ಹೆಸರು ಬೆಂಕಿಸಾಬ. ದೀಪಿಕಾ ಮೇಡಂ ಬರೋ ಐತವಾರ ಮಕ್ತುಂಬೀ ಮನ್ಯಾಗ ಆ ನಾಲ್ಕನೇ ಕ್ಯಾಸೆಟ್ ಹಚ್ಚೋರಿದ್ರು. ಅಮ್ಮಿನ್ನೂ ಕರೆದಿದ್ರು. ಎಂಬತ್ತು ವರ್ಷ ಆಕಿಗೆ. ಹೊಸಾ ಸೀರಿ ತಗದಿಟ್ಟಾಳ."

ಮಮತಾ ನೆಲ ನೋಡಿದಳು. ಕೇಳಬೇಕಾದ ಪ್ರಶ್ನೆ ಬಾಯಲ್ಲಿ ಬಂದು ನಿಂತಿತ್ತು. ಕೇಳದೇ ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲವೆಂದೂ ಗೊತ್ತಿತ್ತು.

"ನಿನ್ನೆ ರಾತ್ರಿ ನಿಮಗ ಡ್ಯೂಟಿ ಇರಲಿಲ್ಲ."

"ಇರಲಿಲ್ರಿ. ಮನ್ಯಾಗ ಇದ್ದೆ. ಅಮ್ಮಿ ಬಿಟ್ರ ಸಾಕ್ಷಿ ಯಾರೂ ಇಲ್ಲ." ಅವನು ಸಿಟ್ಟಾಗಲಿಲ್ಲ. "ನೀವ್ ಕೇಳಿದ್ದು ಬರೋಬರಿ ಐತಿ."

"ಪಂಚನಾಮೆ, ಹೇಳಿಕೆ ಯಾವುದಕ್ಕೂ ನಿಮ್ಮ ಸಹಿ ಬ್ಯಾಡ. ಬರವಣಿಗೆ ಆಂಜನೇಯ ನೋಡಿಕೊಳ್ಳಲಿ."

*

ಮಧ್ಯಾಹ್ನ 12.15ರಿಂದ 1.30ರವರೆಗೆ ಸ್ಥಳ ಪಂಚನಾಮೆ. ಕಾನ್‌ಸ್ಟೆಬಲ್ ಆಂಜನೇಯ ಬರೆದುಕೊಂಡ. ಹಿತ್ತಲ ಬಾಗಿಲಿನ ಒಳ ಕೊಂಡಿಯನ್ನು ಸಂದಿಯಿಂದ ತೆಳ್ಳನೆಯ ಕಬ್ಬಿಣದಿಂದ ಎತ್ತಲಾಗಿದೆ. ಸಂದೂಕಕ್ಕೆ ಬೀಗವಿರಲಿಲ್ಲ. ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್. ಕ್ಯಾಸೆಟ್ ಹಾಕುವ ಬಾಯಿ ತೆರೆದೇ ಇದೆ.

ದೀಪಿಕಾ ರಾಯಚೂರಿನಿಂದ ಬಸ್ಸಿನಲ್ಲಿ ಬಂದಿಳಿದವಳು ನೇರ ಅಲ್ಲಿಗೇ ಬಂದಳು. ಅಳುತ್ತಿದ್ದಳು.

"ತಪ್ಪು ನಂದೇ ಮೇಡಂ. ಮೊದಲನೇ ಮೂರು ಕಾಪಿ ಮಾಡ್ಕೊಂಡೀನಿ. ನಾಲ್ಕನೇದಕ್ಕ ಬೂಸ್ಟು ಹಿಡಿದಿತ್ತು. ಒಯ್ದು ಸ್ವಚ್ಛ ಮಾಡಿಸ್ತೀನಿ ಅಂದ್ರ ಅಜ್ಜಿ ಮನಿ ಬಿಟ್ಟು ಕೊಡಲ್ಲ ಅಂದ್ರು."

"ಕ್ಯಾಸೆಟ್ ಇಲ್ಲಿರೋದು ಯಾರಿಗೆಲ್ಲ ಗೊತ್ತಿತ್ತು?"

ದೀಪಿಕಾ ಮೊಬೈಲ್ ತೆಗೆದು ತೋರಿಸಿದಳು. ಸಾಕ್ಷ್ಯಚಿತ್ರದ ಪ್ರಚಾರಕ್ಕೆಂದು ಹತ್ತು ದಿನದ ಹಿಂದೆ ಹಾಕಿದ್ದ ಒಂದೂವರೆ ನಿಮಿಷದ ತುಣುಕು. ಅದರಲ್ಲಿ ಮಕ್ತುಂಬೀ ಸಂದೂಕ ತೆರೆದು, ಒಂದು ಕ್ಯಾಸೆಟ್ ಎತ್ತಿ ಹಿಡಿದು, "ಇದರಾಗ ಗುರುಗುಂಟಾ ಬೆಂಕಿ ಮಾತೈತಿ, ಬೇಟಿ" ಎನ್ನುತ್ತಾಳೆ. ಹಿಂದೆ ಹಿತ್ತಲ ಬಾಗಿಲು, ಕೊಂಡಿ, ಎಲ್ಲವೂ ಕಾಣುತ್ತದೆ. ಹನ್ನೊಂದು ಸಾವಿರ ಜನ ನೋಡಿದ್ದರು.

ಮಮತಾ ಅದನ್ನು ಮೂರು ಸಲ ನೋಡಿದಳು. "ಕ್ಯಾಸೆಟ್ ಮ್ಯಾಲಿನ ಬರಹ ಯಾವ ಭಾಷೆ?"

"ಉರ್ದು. ಅಜ್ಜಿ ಬರೆದದ್ದು. ಅಂಕಿನೂ ಉರ್ದುದಾಗೇ."

"ಅದಕ್ಕೇ ಹಚ್ಚಿ ನೋಡ್ಯಾನ," ಎಂದಳು ಮಮತಾ. "ಯಾವುದು ನಾಲ್ಕು ಅಂತ ಓದಾಕ ಬಂದಿಲ್ಲ. ದನಿ ಬಂದ ಕೂಡಲೇ ಗಾಬರಿಯಾಗಿ ಆರೂ ಬಾಚಿಕೊಂಡಾನ."

ಹೇಳಿದ ಮೇಲೆ ಎದೆಯಿಂದ ಒಂದು ಭಾರ ಇಳಿಯಿತು. ದಸ್ತಗೀರ್‌ಸಾಬನಿಗೆ ಉರ್ದು ಬರುತ್ತಿತ್ತು.

*

ಮಸ್ಕಿ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಸಿಸಿಟಿವಿಯಲ್ಲಿ ಶುಕ್ರವಾರ ಬೆಳಗಿನ ಜಾವ 4.52ಕ್ಕೆ ಒಬ್ಬ ಮನುಷ್ಯ ಕಾಣಿಸಿದ. ಮುದುಕ. ತಲೆಗೆ, ಮುಖಕ್ಕೆ ಟವೆಲ್ ಸುತ್ತಿದ್ದ. ಕೈಯಲ್ಲಿ ಬಿಳಿ ಕ್ಯಾರಿಬ್ಯಾಗ್. ಸಿಂಧನೂರು ಬಸ್ ಹತ್ತಿದ. ಕಂಡಕ್ಟರನನ್ನು ಶನಿವಾರ ವಿಚಾರಿಸಲಾಯಿತು.

"ನೆನಪೈತ್ರಿ. ಚೀಲದಾಗ ಗಡಗಡ ಅನ್ನಾಕತ್ತಿತ್ತು. ಏನಜ್ಜಾ, ಗೋಲಿ ಆಡಾಕ ಹೊಂಟಿಯೇನು ಅಂದೆ. ನಗಲಿಲ್ಲ. ಚೀಲ ತೊಡಿ ನಡುವ ಒತ್ತಿ ಹಿಡ್ಕೊಂಡ. ಸಿಂಧನೂರಿಗೆ ಇಳದ."

"ಮುಖ?"

"ಟವೆಲ್ ತಗೀಲೇ ಇಲ್ರಿ. ಚಿಲ್ಲರ ಕೆಳಗ ಬಿತ್ತು, ಆರಿಸಿಕೊಳ್ಳಲಿಲ್ಲ."

ಭಾನುವಾರ, 20ರಂದು ದೀಪಿಕಾ ಗುರುಗುಂಟಾದಲ್ಲಿ ಮೊದಲೇ ಕರೆದಿದ್ದ ಸಭೆಯನ್ನು ಬಿಡುವ ಹಾಗಿರಲಿಲ್ಲ. ಬೆಂಕಿಯಲ್ಲಿ ಸತ್ತವರ ಮನೆಯವರ ಮಾತು ಚಿತ್ರೀಕರಿಸಬೇಕಿತ್ತು. ಬಂದೋಬಸ್ತಿಗೆಂದು ಮಮತಾಳೂ ಹೋದಳು. ಶಾಲೆಯ ಅಂಗಳದಲ್ಲಿ ನಲವತ್ತು ಜನ ಸೇರಿದ್ದರು. ಮೊದಲು ಮೆಲ್ಲಗೆ ಮಾತಾಡಿದರು. ಕ್ಯಾಸೆಟ್ ಕಳುವಾದ ಸುದ್ದಿ ಬರುತ್ತಲೇ ದನಿ ಏರಿತು.

"ಬಾಗಲಕ್ಕ ಸರಪಳಿ ಇತ್ತು. ನಮ್ಮ ಮುತ್ಯಾ ತನ್ನ ಕಣ್ಣೀಲೆ ನೋಡ್ಯಾನ," ಎಂದ ನಡುವಯಸ್ಸಿನ ಒಬ್ಬ. "ಕೋರ್ಟಿನಾಗ ಯಾರೂ ಕೇಳಲಿಲ್ಲ. ಹಾಕಿದಾವ ಯಾವ ಅಂತ ಆ ಕ್ಯಾಸೆಟ್ಟಿನಾಗ ಇದ್ರ, ಮೇಡಂ, ನಮಗ ಹೇಳ್ರಿ ಸಾಕು. ಅವನ್ನ, ಅವನ ಮಕ್ಕಳು ಮರೀನ ಒಂದು ಖೋಲ್ಯಾಗ ಹಾಕಿ ನಾವೂ ಸರಪಳಿ ಹಾಕ್ತೀವಿ."

ಯಾರೂ ಅವನನ್ನು ತಡೆಯಲಿಲ್ಲ. ಹಿಂದೆ ಕುಳಿತ ಹೆಂಗಸರೂ ತಲೆಯಾಡಿಸಿದರು. ಐವತ್ತೊಂದು ವರ್ಷ ಕಳೆದರೂ ಈ ಊರಿನ ಸಿಟ್ಟು ಆರಿಲ್ಲ ಎಂದು ಮಮತಾ ಅಂದುಕೊಂಡಳು. ಜೀಪಿನಲ್ಲಿ ಕುಳಿತಿದ್ದ ದಸ್ತಗೀರ್‌ಸಾಬನನ್ನು ಕೆಳಗಿಳಿಯಬೇಡಿ ಎಂದು ಸನ್ನೆ ಮಾಡಿದಳು. ಆಪರೇಟರನ ಮಗ ಇವನೇ ಎಂದು ಅಲ್ಲಿ ಯಾರಾದರೂ ಗುರುತಿಸಿದ್ದರೆ ಏನಾಗುತ್ತಿತ್ತೋ.

ಮಸ್ಕಿಯ ಮನೆಯಲ್ಲಿ ಹೊಸ ಸೀರೆಯುಟ್ಟು ಕೂತಿದ್ದ ಅವನ ತಾಯಿ ಮೈಮುನಾಬಿಗೆ ಆ ದಿನ ಯಾರೂ ಏನನ್ನೂ ಕೇಳಿಸಲಿಲ್ಲ.

*

ಸಿಂಧನೂರಿನಲ್ಲಿ ಬೇಡವಾದ ವಸ್ತು ಹೋಗಿ ಬೀಳುವುದು ಕಾಲುವೆಗೆ. ಮಮತಾ ಕಾಲುವೆಯ ತೂಬು ಕಾಯುವ ಲಸ್ಕರರಿಗೆಲ್ಲ ಕ್ಯಾಸೆಟ್ಟಿನ ಚಿತ್ರ ಕಳಿಸಿದಳು. ಮೂರು ದಿನ ಉತ್ತರ ಬರಲಿಲ್ಲ. ಮಕ್ತುಂಬೀ ತನ್ನ ಮನೆಯಲ್ಲಿ ಮಲಗುವುದನ್ನೇ ಬಿಟ್ಟು ನಿಯಾಜನ ಮನೆಗೆ ಹೋಗಿದ್ದಳು. ಅಲ್ಲಿಯೂ ಫ್ಯಾನಿನ ಸ್ವಿಚ್ ಒತ್ತಿದರೆ ಬೆಚ್ಚುತ್ತಾಳೆಂದು ನಿಯಾಜ್ ಹೇಳಿದ. ಈ ಸಲ ಅವನು ತಮಾಷೆ ಮಾಡಲಿಲ್ಲ.

24, ಗುರುವಾರ, ಬೆಳಗ್ಗೆ 11.05ಕ್ಕೆ ಫೋನ್ ಬಂತು. ಮುಕ್ಕುಂದದ ಕಡೆ ಹೋಗುವ ಕಾಲುವೆಯ ಲಸ್ಕರ್ ಹನುಮಂತರಾಯ.

"ತೂಬಿನ ಜಾಲರಿಗೆ ಐದು ಡಬ್ಬಿ ಸಿಕ್ಕೊಂಡಾವ್ರಿ. ಸಾಬರ ಅಕ್ಷರ ಅದಾವು."

ಸಿಂಧನೂರು ಗ್ರಾಮೀಣ ಠಾಣೆಗೆ ತಿಳಿಸಿ, 12.40ಕ್ಕೆ ತಂಡ ಅಲ್ಲಿಗೆ ತಲುಪಿತು. ಐದು ಕ್ಯಾಸೆಟ್ ಡಬ್ಬಿಗಳು; ಆರನೆಯದು ಸಿಗಲಿಲ್ಲ. ಒಳಗೆ ಟೇಪ್ ಇರಲಿಲ್ಲ. ಅಂಚು ಒಡೆದು ಕಿತ್ತು ತೆಗೆಯಲಾಗಿತ್ತು.

ದೀಪಿಕಾ ಖಾಲಿ ಡಬ್ಬಿ ನೋಡಿ, "ಸುಟ್ಟು ಹಾಕ್ಯಾರ," ಎಂದಳು.

ಹನುಮಂತರಾಯ ಆಕೆಯನ್ನು ಸಣ್ಣ ಮಗುವನ್ನು ನೋಡಿದಂತೆ ನೋಡಿದ. "ಭತ್ತ ಹಾಲ್ಗಾಳಿನಾಗ ಐತಿ, ಹಕ್ಕಿ ಹಿಂಡು ಹಿಂಡು ಬೀಳಾಕತ್ತಾವು. ಈ ದಿನಮಾನದಾಗ ರೀಲ್ ಸಿಕ್ರ ಯಾರ ಸುಡ್ತಾರ ತಂಗೀ? ಮ್ಯಾಲಿನ ಹೊಲ ನೋಡ್ಕೋತ ಹೋಗ್ರಿ. ಹಕ್ಕಿ ಬೆದರಸಾಕ ಈಗ ಎಲ್ಲಾರೂ ಅಂಗಡಿ ಬಣ್ಣದ ಪಟ್ಟಿ ಕಟ್ತಾರ. ಹಳೇ ಕಂದು ರೀಲ್ ಎಲ್ಲಿ ಕಂಡೀತೋ, ಅದಾ ನಿಮ್ದು."

ಕಾಲುವೆ ದಂಡೆಯ ಮೇಲೆ ಎರಡು ಕಿಲೋಮೀಟರು ನಡೆದರು. ಎಡಕ್ಕೂ ಬಲಕ್ಕೂ ಹಸಿರು ಭತ್ತ. ಮೇಲೆ ಕೆಂಪು, ಬೆಳ್ಳಿ ಬಣ್ಣದ ಪಟ್ಟಿಗಳು ಥಳಥಳ ಹೊಳೆಯುತ್ತಿದ್ದವು. ಮೊದಲು ಕೇಳಿಸಿದ್ದು ದಸ್ತಗೀರ್‌ಸಾಬನಿಗೆ. ಅವನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಬಾಯಿ ಮುಚ್ಚಿಕೊಂಡು ಯಾರೋ ನರಳಿದ ಹಾಗೆ. ಮುಕ್ಕುಂದ ಸೀಮೆಯ ಒಂದೂವರೆ ಎಕರೆ ಹೊಲದ ಮೇಲೆ, ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ ಕಂದು ಟೇಪು ಗಾಳಿಗೆ ಅದಿರುತ್ತಿತ್ತು.

ಹೊಲದಲ್ಲಿ ಒಬ್ಬ ಮುದುಕಿ ಕಳೆ ಕೀಳುತ್ತಿದ್ದಳು. ಹೆಸರು ಆದಮ್ಮ.

"ಇದನ್ನ ಯಾರು ಕಟ್ಟಿದ್ದು?" ಮಮತಾ ಕೇಳಿದಳು.

"ನಾನ ಕಟ್ಟೀನ್ರಿ. ಯಾಕ?"

"ಎಲ್ಲಿ ಸಿಕ್ತು?"

"ನಮ್ಮ ಯಜಮಾನ ತಂದಿದ್ದ. ದನದ ಕೊಟಗಿ ಮೂಲ್ಯಾಗ ಗಂಟು ಮಾಡಿ ಒಗದಿದ್ದ. ಗಂಡಸು ತರೂದು ತರ್ತಾವು, ಕಟ್ಟೋದು ಹೆಂಗಸಿನ ಹಣೇಬರ. ನಾನೂ ಮೊಮ್ಮಗಳೂ ಕೂಡಿ ಒಂದಿನಾ ಕಟ್ಟಿದ್ವಿ." ಆಕೆ ಸೊಂಟ ನೆಟ್ಟಗೆ ಮಾಡಿದಳು. "ಕಟ್ಟಿದ್ದ ನೋಡಿ ಮಾರಿ ಸಣ್ಣ ಮಾಡ್ಕೊಂಡ. ಅವತ್ತಿಂದ ಹೊಲಕ್ಕ ಕಾಲಿಡವಲ್ಲ. ರಾತ್ರಿ ಕಿವಿಗೆ ಹತ್ತಿ ತುಂಬಿಕೊಂಡು ಮಲಗತಾನ. ಅದು ಮಾತಾಡ್ತೈತಿ ಅಂತಾನ. ಭ್ರಮೆ ಹಿಡದೈತೇನ್ರಿ?"

"ಯಜಮಾನರ ಹೆಸರು?"

"ಬಾಲಪ್ಪ ಅಂತಾರ ಊರಾಗ."

"ನಿಮ್ಮ ತವರು ಯಾವೂರು?"

"ಗುರುಗುಂಟಾ. ಸಿನಿಮಾ ಬೆಂಕ್ಯಾಗ ನಮ್ಮವ್ವ ಸತ್ತಾಗ ನನಗ ಹದಿನೈದು. ಆಗಲೇ ಇವನ ಜೋಡಿ ಲಗ್ನ ಗೊತ್ತಾಗಿತ್ತು. ವರ್ಷದ ಮ್ಯಾಲ ಮಾಡಿ ಕೊಟ್ರು." ಆಕೆ ಆಂಜನೇಯನ ಕೈಯ ಕಾಗದ ನೋಡಿದಳು. "ಏನಾಗೇತ್ರಿ? ರೀಲ್ ಕಟ್ಟಬಾರದಂತ ಕಾನೂನು ಬಂದೈತೇನು?"

ಮಮತಾ ಇಬ್ಬರು ಪಂಚರನ್ನು ಕರೆತರಲು ಆಂಜನೇಯನನ್ನು ಕಳಿಸಿದಳು.

2.10ರಿಂದ 4ರವರೆಗೆ ಇಬ್ಬರು ಪಂಚರ ಎದುರಿನಲ್ಲಿ ಜಪ್ತಿ ಪಂಚನಾಮೆ. ಒಟ್ಟು ಮೂವತ್ತೊಂದು ತುಂಡು ಟೇಪು, ಒಂದೊಂದನ್ನೂ ಬೇರೆ ಕೋಲಿಗೆ ಸುತ್ತಿ ಗುರುತಿನ ಚೀಟಿ ಅಂಟಿಸಲಾಯಿತು. ಕೆಲವು ತುಂಡುಗಳು ಕೆಸರಿನಲ್ಲಿ ಸಿಕ್ಕಿ ನುಣುಪು ಕಳೆದುಕೊಂಡಿದ್ದವು. ಇನ್ನು ಕೆಲವು ಗಾಳಿಗೆ ಹರಿದು ಎಲ್ಲಿಗೋ ಹೋಗಿದ್ದವು.

4.20ಕ್ಕೆ ಬಾಲಪ್ಪ ತಾನಾಗಿಯೇ ಬದುವಿನ ಮೇಲೆ ಬಂದು ನಿಂತ. ಎಪ್ಪತ್ತು ವರ್ಷ, ಒಣಕಲು ಮೈ. ಯಾರೂ ಕೇಳುವ ಮುಂಚೆಯೇ, "ನಾನರೀ," ಎಂದ.

"ಟೇಪಿಗಾ?" ಆದಮ್ಮ ನಡುವೆ ಬಂದಳು. "ಒಂದು ಟೇಪಿಗೆ ಮನುಷ್ಯಾನ ಹಿಡ್ಕೊಂಡ್ ಹೋಗ್ತಾರೇನ್ರಿ? ನಮ್ಮ ಹುಡುಗಿಗೆ ಹೇಳ್ರಿ, ಸಿಂಧನೂರಾಗ ಹೊಸದು ತಂದ್ ಕೊಡ್ತಾಳ."

"ಸುಮ್ನಿರು," ಎಂದ ಬಾಲಪ್ಪ. ಆಕೆಯ ಮುಖ ನೋಡಲಿಲ್ಲ. ಸುಮ್ಮನೆ ಹೋಗಿ ಜೀಪ್ ಹತ್ತಿದ.

*

ಮಸ್ಕಿ ಠಾಣೆ, ಸಂಜೆ 6.30. ಮಮತಾ ಕೇಳಿದಳು, ಆಂಜನೇಯ ಬರೆದುಕೊಂಡ. ದಸ್ತಗೀರ್‌ಸಾಬ್ ಒಳಗೆ ಬರಲಿಲ್ಲ; ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದ.

"ಕ್ಯಾಸೆಟ್ ವಿಷಯ ಹ್ಯಾಂಗ ಗೊತ್ತಾತು?"

"ಮೊಮ್ಮಗಳು ಮೊಬೈಲಿನಾಗ ತೋರಿಸಿದಳ್ರಿ. ಮುತ್ಯಾ, ಅಜ್ಜಿ ತವರೂರಿನ ಬೆಂಕಿ ಸುದ್ದಿ ಐತಿ ನೋಡು ಅಂದ್ಳು."

"ಅದಕ್ಕ ನೀನ್ಯಾಕ ಹೆದರಬೇಕು?"

ಬಾಲಪ್ಪ ಮೇಜಿನ ಕಾಲು ನೋಡುತ್ತ ಹೇಳಿದ.

"ಆ ಟೆಂಟಿನ ಗೇಟ್‌ಕೀಪರ್ ನಾನ. ಹತ್ತೊಂಬತ್ತು ವರ್ಷ. ಹೆಂಗಸರ ಕಡೆ ಬಾಗಲಕ್ಕ ಸರಪಳಿ ಹಾಕಿ ಬೀಗ ಜಡದಾವ ನಾನ."

"ಯಾರು ಹೇಳಿದ್ರು?"

ಅವನ ಕಣ್ಣು ಬಾಗಿಲ ಕಡೆಗೆ ಹೋಗಿ ಬಂತು. "ಯಾರೂ ಹೇಳಿಲ್ಲ. ನಾನ ಹಾಕಿದೆ. ನನ್ನ ಹೆಂಡ್ತಿ ಅವ್ವನ್ನ ಪುಕಟ್ ಒಳಗ ಬಿಟ್ಟಾವನೂ ನಾನ. ಬೀಗರು ಅಂತ ಮುಂದ ಕೂಡಿಸಿದ್ದೆ."

"ಟೇಪ್ ಸುಡಬಹುದಿತ್ತು."

"ಸುಡಬೇಕಂತ ಕಿತ್ತೆ. ಕಡ್ಡಿಪೆಟಗಿ ತಗದೆ. ಕಡ್ಡಿ ಗೀರಾಕ ಆಗಲಿಲ್ರಿ. ಐವತ್ತು ವರ್ಷ ಆತು, ನಾ ಒಲಿ ಸೈತ ಹಚ್ಚಿಲ್ಲ. ಡಬ್ಬಿ ಕಾಲುವಿಗೆ ಒಗದು, ರೀಲ್ ಕೊಟಗ್ಯಾಗ ಇಟ್ಟೆ, ನಾಳೆ ಹುಗದ್ರಾತು ಅಂತ. ಮರುದಿನ ಸಂಜಿಗೆ ನೋಡ್ತೀನಿ, ಹೊಲದ ತುಂಬ ಕಟ್ಟ್ಯಾಳ. ಬಿಚ್ಚು ಅಂದ್ರ ಯಾಕ ಅಂತ ಕೇಳ್ತಾಳ. ಏನ್ ಹೇಳ್ಲಿ?"

"ಇದೆಲ್ಲ ಕೋರ್ಟಿಗೆ ಹೋಗ್ತದ. ನಿನ್ನ ಹೆಂಡ್ತಿಗೆ ಗೊತ್ತಾಗ್ತದ."

"ನಾನ ಹೇಳ್ತೀನ್ರಿ ಆಕಿಗೆ. ನೀವ್ ಹೇಳಬ್ಯಾಡ್ರಿ. ನನ್ನ ಬಾಯೀಲೆ ಹೇಳಾಕ ಒಂದ್ ದಿನ ಕೊಡ್ರಿ."

ಹೇಳಿಕೆಗೆ ಅವನು ಎಡ ಹೆಬ್ಬೆಟ್ಟು ಒತ್ತಿದ.

ಮರುದಿನ ಬೆಳಗ್ಗೆ ಆರಕ್ಕೇ ದೀಪಿಕಾ ಬಂದು, ಪಂಚರ ಎದುರಿನಲ್ಲಿ ಟೇಪಿನ ತುಂಡುಗಳನ್ನು ಒಂದೊಂದಾಗಿ ಒರೆಸಿ, ಜೋಡಿಸಿ, ಖಾಲಿ ಡಬ್ಬಿಯೊಳಗೆ ಪೆನ್ಸಿಲ್ಲಿನಿಂದ ಸುತ್ತಿ ಟೇಪ್ ರೆಕಾರ್ಡರಿಗೆ ಹಾಕಿದಳು. ದನಿ ಗುರುತಿಸಲು ಮಕ್ತುಂಬೀಯನ್ನು ಕರೆಸಲಾಯಿತು. ದಸ್ತಗೀರ್‌ಸಾಬ್ ಬಾಗಿಲಲ್ಲಿ ನಿಂತಿದ್ದ. ಇಪ್ಪತ್ತೆರಡನೇ ತುಂಡಿಗೆ, ಕರಕರ ಸದ್ದಿನ ನಡುವಿನಿಂದ, ಆ ದನಿ ಬಂತು.

"...ಹಿಂದಿನ ದಿನ ಸಿಂಧನೂರಿನಲ್ಲಿ ಜನ ಮೈಮೇಲೆ ಬಿದ್ದು ನನ್ನ ಸೆರಗು ಹರಿದಿದ್ದರು. ನನಗೆ ಜನರೆಂದರೆ ಹೆದರಿಕೆ ಹೊಕ್ಕಿತ್ತು. ನಾನು ಕಾರು ಹತ್ತುವ ತನಕ ಬಾಗಿಲು ಹಾಕಿಸಿ ಅಂದೆ. ಹಾಕಿಸಿದರು. ಹಗ್ಗ ಕಳಚಿ ಗ್ಯಾಸ್‌ಬತ್ತಿ ಪರದೆಯ ಮೇಲೆ ಬಿದ್ದದ್ದನ್ನು ಕಾರಿನ ಕಿಟಕಿಯಿಂದ ನಾನೇ ಕಂಡೆ. ಗಾಡಿ ಬಿಡು ಅಂದೆ. ಆಪರೇಟರ್ ಆಗ ಕ್ಯಾಬಿನ್ನಿನಲ್ಲಿ ಇರಲೇ ಇಲ್ಲ. ಬೀಡಿಯ ಮಾತು ಸುಳ್ಳು. ಕೋರ್ಟಿನ ಕಾಗದ ಬಂದಾಗ ಊರಲ್ಲಿ ಇಲ್ಲವೆಂದು ಹೇಳಿಸಿದೆ. ಆಮೇಲೆ ಬಣ್ಣ ಹಚ್ಚಲಿಕ್ಕೆ ಕನ್ನಡಿ ಮುಂದೆ ಕೂತರೆ ಆ ಬಾಗಿಲೇ ಕಾಣುತ್ತಿತ್ತು. ಆ ಬಾಗಿಲನ್ನು..."

ಅಲ್ಲಿಗೆ ತುಂಡು ಮುಗಿಯಿತು. ಮುಂದಿನದು ಸಿಕ್ಕಿರಲಿಲ್ಲ.

"ಅಮ್ಮಾರದೇ ದನಿ," ಎಂದು ಮಕ್ತುಂಬೀ ಅಳತೊಡಗಿದಳು.

ದಸ್ತಗೀರ್‌ಸಾಬ್ ಗೋಡೆಗೆ ಒರಗಿ ಟೋಪಿ ತೆಗೆದ. "ಬೀಡಿ ಮಾತು ಸುಳ್ಳು," ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಹೇಳಿಕೊಂಡ. ಆಮೇಲೆ ತಾಯಿಗೆ ಫೋನ್ ಮಾಡಲು ಹೊರಗೆ ಓಡಿದ. ಆ ವಯಸ್ಸಿನ ಮನುಷ್ಯ ಓಡುವುದನ್ನು ಠಾಣೆಯಲ್ಲಿ ಯಾರೂ ನೋಡಿರಲಿಲ್ಲ.

*

ಮಧ್ಯಾಹ್ನ 2.50ಕ್ಕೆ ಆರೋಪಿಯನ್ನು ಲಿಂಗಸುಗೂರಿನ ನ್ಯಾಯಾಲಯಕ್ಕೆ ಕರೆತರಲಾಯಿತು. ಕರೆ ಬರುವುದು ತಡವಿತ್ತು. ಆಂಜನೇಯ ಕಾಗದಗಳ ನಕಲು ತೆಗೆಸಲು ಹೋಗಿದ್ದ. ವರಾಂಡದ ಕೊನೆಯಲ್ಲಿ ಮಮತಾ, ಬಾಲಪ್ಪ ಇಬ್ಬರೇ. ಎದುರಿನ ಬೇವಿನ ಮರದ ಕೆಳಗೆ ದಸ್ತಗೀರ್‌ಸಾಬ್ ಫೋನಿನಲ್ಲಿ ಮಾತಾಡುತ್ತಿದ್ದ. ನಗುತ್ತಿದ್ದ. ಗೇಟಿನ ಹೊರಗೆ ಗುರುಗುಂಟಾದಿಂದ ಬಂದ ಏಳೆಂಟು ಬೈಕುಗಳು ನಿಂತಿದ್ದವು.

"ಅಂವ ಜಂಗ್ಲಿಸಾಬರ ಮಗ ಹೌದಿಲ್ರಿ?" ಎಂದ ಬಾಲಪ್ಪ. "ಮೂಗು ಅವರದೇ."

"ಹೌದು."

"ಇದನ್ನ ಕಾಗದದಾಗ ಬರಿಬ್ಯಾಡ್ರಿ. ನಿಮಗಷ್ಟ ಹೇಳ್ತೀನಿ, ನನ್ನ ಎದ್ಯಾಗ ಹಿಡಿಯವಲ್ದು. ಬೀಗ, ಸರಪಳಿ ನನ್ನ ಕೈಗೆ ಕೊಟ್ಟಾವರು ಜಂಗ್ಲಿಸಾಬರು. 'ಹಾಕಲೇ ಬಾಲ್ಯಾ, ಕಾರು ಹೋದ ಮ್ಯಾಲ ತಗಿ' ಅಂದ್ರು. ಅಂದು ಕಾರಿನ ಕಡೆ ಹೋದ್ರು. ಬೆಂಕಿ ಹತ್ತಿತು. ನನ್ನ ಕೈ ನಡಗಿ ಚಾವಿ ಮಣ್ಣಾಗ ಬಿತ್ತು. ಅವರು ಓಡಿ ಬಂದು ಬರಿಗೈಲೆ ಸರಪಳಿ ಜಗ್ಗಿದ್ರು. ಅಂಗೈ ಚರ್ಮ ಸರಪಳಿಗೆ ಹತ್ತಿತ್ತು. ಒಳಗ ಸದ್ದು ನಿಂತ ಮ್ಯಾಲ ನನ್ನ ಹಳ್ಳದ ದಂಡಿಗೆ ಎಳಕೊಂಡ್ ಹೋದ್ರು. 'ನೀ ಇವತ್ತ ಇಲ್ಲಿ ಇರಲೇ ಇಲ್ಲ. ಬಾಗಲದ ಮಾತು ಬಂದ್ರ ನಿನ್ನ ಜೀವಂತ ಬಿಡಂಗಿಲ್ಲ ಈ ಊರಾಗ. ನಾ ಏನರ ಹೇಳ್ತೀನಿ, ನೀ ಓಡು' ಅಂದ್ರು. ಮರುದಿನ ಬೀಡಿ ಅಂತ ಹೇಳಿದ್ರಂತ."

ಮಮತಾ ಬೇವಿನ ಮರದ ಕಡೆ ನೋಡಿದಳು.

"ಬೀಗ ಹಾಕು ಅಂದಾವರು ಅವರ ಅಂತ ಗೊತ್ತಾದ್ರ, ಆ ಮಗ ಏನ್ ಮಾಡ್ಕೋಬೇಕ್ರಿ?" ಎಂದ ಬಾಲಪ್ಪ.

3.40ಕ್ಕೆ ಕರೆ ಬಂತು. ಸೋಮವಾರದವರೆಗೆ ನ್ಯಾಯಾಂಗ ಬಂಧನ. ಗೇಟಿನ ಬಳಿ ಗುರುಗುಂಟಾದ ಆ ನಡುವಯಸ್ಸಿನವನು ಮಮತಾಳನ್ನು ತಡೆದು ಮುದುಕ ಯಾಕೆ ಕದ್ದ ಎಂದು ಕೇಳಿದ. ತನಿಖೆ ನಡೆದಿದೆ ಎಂದಳು. ಅವನು ಆಕೆಯ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

ಜೀಪು ಮಸ್ಕಿಯ ಕಡೆ ತಿರುಗಿತು. ಮಮತಾ ತೊಡೆಯ ಮೇಲೆ ಕೇಸ್ ಡೈರಿ ತೆರೆದು ಬರೆದಳು: 'ಆರೋಪಿಯು ಐವತ್ತೊಂದು ವರ್ಷದ ಹಿಂದಿನ ಬೆಂಕಿ ಅವಘಡದಲ್ಲಿ ಬಾಗಿಲಿಗೆ ಬೀಗ ಹಾಕಿದ್ದು, ತನ್ನ ಹೆಸರು ಧ್ವನಿಸುರುಳಿಯಲ್ಲಿ ಇರಬಹುದೆಂಬ ಭಯದಿಂದಲೂ, ಅದು ಹೆಂಡತಿಗೆ ತಿಳಿಯುವುದೆಂಬ ಭಯದಿಂದಲೂ ಈ ಕೃತ್ಯ ಎಸಗಿರುತ್ತಾನೆ. 2.50ರಿಂದ 3.40ರವರೆಗೆ ನ್ಯಾಯಾಲಯದ ವರಾಂಡದಲ್ಲಿ ಕಾಯಲಾಯಿತು.' ಅದರ ಕೆಳಗೆ ಎರಡು ಗೆರೆ ಜಾಗ ಉಳಿದಿತ್ತು.

ಹಿಂದಿನ ಸೀಟಿನಿಂದ ದಸ್ತಗೀರ್‌ಸಾಬ್ ಮುಂದಕ್ಕೆ ಬಾಗಿದ. "ಅಮ್ಮಿ ಓಣಿ ಮಂದಿಗೆಲ್ಲ ಹೇಳಿ ಬಂದಾಳಂತ್ರಿ ಮೇಡಂ. ರಾತ್ರಿ ಊಟಕ್ಕ ನೀವು ಬರಲೇಬೇಕಂತ." ಫೋನನ್ನು ಜೇಬಿಗೆ ಹಾಕಿದ. "ಆ ಮುದುಕ ವರಾಂಡದಾಗ ಏನೋ ಹೇಳಾಕತ್ತಿದ್ದ. ಅಬ್ಬಾನ ಬಗ್ಗೆ ಏನರ ಅಂದ್ನೇನ್ರಿ?"

ಅವನ ಅಪ್ಪ ಸರಪಳಿ ಕೊಟ್ಟ ಮಾತನ್ನು ಮುಚ್ಚಿದರೆ, ಅದೇ ಸರಪಳಿಯನ್ನು ಬರಿಗೈಯಲ್ಲಿ ಜಗ್ಗಿದ ಮಾತೂ ಮುಚ್ಚಿಹೋಗುತ್ತದೆ. ಒಂದನ್ನು ಬಿಟ್ಟು ಒಂದನ್ನು ಹೇಳಲು ಬರುವುದಿಲ್ಲ. ನಾಳೆ, ನಾಡಿದ್ದು, ಪ್ರತಿದಿನ ಬೆಳಗ್ಗೆ ಈ ಮನುಷ್ಯ ಎದುರಿನ ಮೇಜಿನಲ್ಲಿ ಬಂದು ಕೂರುತ್ತಾನೆ. ಒಂದಲ್ಲ ಒಂದು ದಿನ ಮತ್ತೆ ಕೇಳುತ್ತಾನೆ. ಈಗಲೂ ಆಗಲೂ ತನ್ನ ದನಿ ನಡುಗಬಾರದು.

"ಇಲ್ರಿ," ಎಂದಳು. "ನಿನ್ನೆ ಬರೆಸಿದ್ದೇ. ಬ್ಯಾರೆ ಏನೂ ಹೇಳಲಿಲ್ಲ."

ಉಳಿದ ಎರಡು ಗೆರೆಗಳ ಮೇಲೆ ಅಡ್ಡಗೀಟು ಎಳೆದು, ಕೆಳಗೆ ಸಹಿ ಹಾಕಿ, ಡೈರಿ ಮುಚ್ಚಿದಳು. ದೀಪಿಕಾಳಿಗಿಲ್ಲ, ಆದಮ್ಮನಿಗಿಲ್ಲ, ಮೇಲಿನ ಅಧಿಕಾರಿಗಳಿಗಿಲ್ಲ, ಈ ಮಗನಿಗಂತೂ ಇಲ್ಲ. ಯಾರಿಗೂ ಹೇಳುವುದಿಲ್ಲ.